ಕನ್ನಡಕಕ್ಕೆ ಪ್ರಿಸಂ ಹಾಳೆ ಅಂಟಿಸುವುದು ಹೇಗೆ?

ಕಳೆದ ಮಳೆಗಾಲದಲ್ಲಿ ಮಡಿಕೇರಿಯ ನಮ್ಮ ಸೋದರಮಾವನಿಗೆ ಇದ್ದಕ್ಕಿದ್ದಂತೆ ಎಲ್ಲವೂ ಎರಡೆರಡು ಕಾಣತೊಡಗಿತು. ಸಕ್ಕರೆ ಕಾಯಿಲೆಯಿಂದ ಬಲಗಣ್ಣನ್ನು ಹೊರಕ್ಕೆ ಹೊರಳಿಸುವ ಆರನೇ ನರ ಸೋತಿತ್ತು. ಡಾಕ್ಟರು 15 ಡಯಾಪ್ಟರಿನ (ಇದು ಪ್ರಿಸಂನ ಶಕ್ತಿಯ ಅಳತೆ) ಪ್ರಿಸಂ ಹಾಳೆ ಬರೆದುಕೊಟ್ಟರು. ಕನ್ನಡಕದ ಗಾಜಿಗೆ ಅಂಟಿಸಿದರೆ ಅದು ಬೆಳಕನ್ನು ಬಾಗಿಸಿ ಎರಡು ನೋಟವನ್ನು ಒಂದಾಗಿಸುತ್ತದೆ. ಕನ್ನಡಕದ ಅಂಗಡಿಯವರು ಹಾಳೆ ಕೊಟ್ಟರೇ ಹೊರತು ಅಂಟಿಸಿಕೊಡಲಿಲ್ಲ. ಮಾವ ಮನೆಗೆ ಬಂದು ಸೂಪರ್ ಗ್ಲೂ ಹಚ್ಚಿದರು, ಹಾಳೆ ಹಾಲಿನಂತೆ ಬೆಳ್ಳಗಾಯಿತು, ಗಾಜೂ ಹೋಯಿತು. ಆಮೇಲೆ ಇನ್ನೂ ಇಬ್ಬರು ಹೀಗೇ ಹಾಳು ಮಾಡಿಕೊಂಡದ್ದನ್ನು ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಎರಡೆರಡು ಕಾಣುವುದು ಹಠಾತ್ತಾಗಿ ಶುರುವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪಾರ್ಶ್ವವಾಯುವೂ ಹೀಗೆ ಶುರುವಾಗಬಹುದು. ಹಾಳೆಯ ವಿಚಾರ ಆಮೇಲೆ.

ಈ ಹಾಳೆ ಮೆತ್ತನೆಯ ಪಿವಿಸಿ, ದಪ್ಪ ಸುಮಾರು 1 ಮಿ.ಮೀ. ಒಂದು ಬದಿ ನುಣುಪು, ಇನ್ನೊಂದು ಬದಿಯಲ್ಲಿ ಸಾಲುಸಾಲು ನೇರ ಗೀರು. ಪ್ರತಿ ಗೀರೂ ಒಂದು ಪುಟ್ಟ ಪ್ರಿಸಂ. ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲಿ ಸಮುದ್ರದ ದೀಪಸ್ತಂಭಕ್ಕೆ ಮಾಡಿದ ಉಪಾಯವೇ ಇದು. 50 ಮಿ.ಮೀ. ಅಗಲದ ಗಾಜಿನಲ್ಲಿ 15 ಡಯಾಪ್ಟರಿನ ಇಡೀ ಪ್ರಿಸಂ ಕೊರೆಸಿದರೆ ಒಂದು ಅಂಚು ಇನ್ನೊಂದಕ್ಕಿಂತ ಸುಮಾರು 15 ಮಿ.ಮೀ. ದಪ್ಪವಾಗುತ್ತದೆ. ಅಷ್ಟು ಭಾರ ಮೂಗಿನ ಮೇಲೆ ಹೊರಲು ಆಗುತ್ತದಾ?

ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಓದುವಾಗ ಅಕ್ಷರ ದೊಡ್ಡದಾಗಿ ತೋರಿಸುವ ಪ್ಲಾಸ್ಟಿಕ್ ಹಾಳೆಯನ್ನು ಇದಕ್ಕೆ ಬಳಸಲೇಬೇಡಿ. ಅದರಲ್ಲಿ ಗೀರು ವೃತ್ತಾಕಾರವಾಗಿರುತ್ತವೆ, ಅದು ಬರೀ ಭೂತಗನ್ನಡಿ.

ಕತ್ತರಿಸುವ ಮೊದಲು ಹಾಳೆ ಪರೀಕ್ಷಿಸಿ. ಅಂಗಳದ ಸಿಲ್ವರ್ ಓಕ್ ಮರದಿಂದ ಒಂದು ಮೀಟರ್ ದೂರ ನಿಂತು, ಒಂದು ಕಣ್ಣು ಮುಚ್ಚಿ, ಗೀರು ನೆಟ್ಟಗೆ ನಿಲ್ಲುವಂತೆ ಹಾಳೆಯನ್ನು ಇನ್ನೊಂದು ಕಣ್ಣಿನ ಮುಂದೆ ಅರ್ಧಕ್ಕೆ ಹಿಡಿಯಿರಿ. ಹಾಳೆಯೊಳಗೆ ಕಾಣುವ ಕಾಂಡ ಪಕ್ಕಕ್ಕೆ ಸರಿದಿರುತ್ತದೆ. 1 ಡಯಾಪ್ಟರ್ ಎಂದರೆ ಮೀಟರಿಗೆ 1 ಸೆಂ.ಮೀ., ಹಾಗಾಗಿ 15ರ ಹಾಳೆಯಲ್ಲಿ ಕಾಂಡ ಸುಮಾರು 15 ಸೆಂ.ಮೀ. ಸರಿಯಬೇಕು. ಅದು ಸರಿದದ್ದರ ಎದುರು ಬದಿಯೇ ಬೇಸ್, ಅಂದರೆ ಪ್ರಿಸಂನ ದಪ್ಪ ಬದಿ. ಅಲ್ಲಿ ಪೆನ್ನಿನಿಂದ ಸಣ್ಣ ಗುರುತು ಹಾಕಿ. ಮಾವನಿಗೆ ಬೇಸ್ ಕಿವಿಯ ಕಡೆ ಬೇಕಿತ್ತು. ನಿಮ್ಮದು ಎತ್ತ ಎಂದು ಚೀಟಿ ನೋಡಿಯೇ ಮುಂದುವರಿಯಿರಿ.

ಎಲ್ಲರೂ ಎಡವುವುದು ಅಳತೆಯಲ್ಲಿ. ಹಾಳೆ ಕೂರುವುದು ಗಾಜಿನ ಒಳಬದಿಗೆ, ನುಣುಪು ಬದಿ ಗಾಜಿಗೆ, ಗೀರು ಕಣ್ಣಿನ ಕಡೆಗೆ. ಆದ್ದರಿಂದ ಕನ್ನಡಕದ ಕಡ್ಡಿಗಳು ನಿಮ್ಮ ಕಡೆ ಬರುವಂತೆ ಹಿಡಿದು, ಒಳಬದಿಗೆ ಕಾಗದ ಒತ್ತಿ, ಪೆನ್ಸಿಲ್‌ನಿಂದ ಗಾಜಿನ ಆಕಾರ ತೆಗೆಯಿರಿ. ಮುಂಬದಿಯಿಂದ ತೆಗೆದರೆ ಎಡ ಬಲವಾಗುತ್ತದೆ, ಹಾಳೆ ದಂಡ. ಕಾಗದವನ್ನು ಗೀರಿನ ಬದಿ ಮೇಲೆ ಇಟ್ಟು, ಬೇಸ್ ಗುರುತು ಸರಿಯಾದ ಕಡೆಗಿದೆಯೇ, ಬೇಸ್ ಪಕ್ಕಕ್ಕಿದ್ದರೆ ಗೀರು ನೆಟ್ಟಗೆ ನಿಂತಿವೆಯೇ ನೋಡಿ. ಬೇಸ್ ಪಕ್ಕಕ್ಕಿರುವ ಪ್ರಿಸಂ 5 ಡಿಗ್ರಿ ತಿರುಗಿದರೂ ಸಾಕು, 15ರ ಹಾಳೆಯಲ್ಲಿ ಒಂದು ಡಯಾಪ್ಟರಿಗಿಂತ ಜಾಸ್ತಿ ಮೇಲೆ-ಕೆಳಗಿನ ಎಳೆತ ಸೇರಿಕೊಳ್ಳುತ್ತದೆ, ಅದನ್ನು ಕಣ್ಣು ಸುಲಭಕ್ಕೆ ಸಹಿಸುವುದಿಲ್ಲ. ಹರಿತ ಕತ್ತರಿಯಿಂದ ಗುರುತಿಗಿಂತ 1 ಮಿ.ಮೀ. ಒಳಗೇ ಕತ್ತರಿಸಿ. ಫ್ರೇಮಿಗೆ ತಾಗಿದರೆ ಅಂಚು ಏಳುತ್ತದೆ.

ಅಂಟಿಸಲು ಗೋಂದು ಬೇಡವೇ ಬೇಡ. ಗಾಜನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು ಎಣ್ಣೆಯ ಪಸೆ ಪೂರ್ತಿ ತೆಗೆಯಿರಿ. ಕುದಿಸಿ ಆರಿಸಿದ ನೀರು ಬೋಗುಣಿಗೆ ಹಾಕಿ, ಉಗುರು ಬೆಚ್ಚಗಿರಲಿ. ನಮ್ಮ ಡಿಸೆಂಬರ್ ಬೆಳಗಿನ ನಲ್ಲಿ ನೀರಿಗೆ ಹಾಳೆ ಸೆಟೆದುಕೊಳ್ಳುತ್ತದೆ, ಗಾಜಿನ ಬಾಗಿಗೆ ಕೂರುವುದೇ ಇಲ್ಲ. ಗಾಜು, ಹಾಳೆ ಎರಡೂ ನೀರೊಳಗೆ ಮುಳುಗಿರುವಾಗಲೇ ಒಂದಕ್ಕೊಂದು ಸೇರಿಸಿ. ಹೆಬ್ಬೆರಳನ್ನು ನಡುವಿನಿಂದ ಅಂಚಿಗೆ ನಿಧಾನವಾಗಿ ತಳ್ಳುತ್ತಾ ಬನ್ನಿ. ಸಾಸಿವೆ ಕಾಳಿನಷ್ಟು ಗುಳ್ಳೆ ಬೆರಳ ಮುಂದೆ ಓಡುತ್ತದೆ, ಅಂಚಿಗೆ ಬಂದು ಪುಸಕ್ಕೆಂದು ಹೊರಬೀಳುತ್ತದೆ. ಒಂದು ಉಳಿದರೂ ಪೂರ್ತಿ ಕಿತ್ತು ಮತ್ತೆ ಮಾಡಿ, ಉಗುರಿನಿಂದ ಕುಕ್ಕಬೇಡಿ. ಹೊರತೆಗೆದು ಮೆತ್ತನೆಯ ಹತ್ತಿ ಬಟ್ಟೆ ಒತ್ತಿ, ಒಂದಿಡೀ ದಿನ ಸುಮ್ನೆ ಬಿಡಿ. ಮಳೆಗಾಲವೆಂದು ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಜೊತೆ ಒಣಗಿಸಬೇಡಿ, ಬಿಸಿಗೆ ಗೀರುಗಳೇ ಮೆತ್ತಗಾಗುತ್ತವೆ.

ಅಂಟಿದ ಮೇಲೆ ದೃಷ್ಟಿ ಸ್ವಲ್ಪ ಮಸುಕು, ದೀಪದ ಸುತ್ತ ಬಣ್ಣದ ಅಂಚು. ಇದು ಮಾಮೂಲಿ, ಹೆದರಬೇಡಿ. ಧೂಳು ಗೀರಿನಲ್ಲಿ ಕೂತರೆ ಮೆತ್ತನೆಯ ಬ್ರಷ್, ಬೆಚ್ಚಗಿನ ಸೋಪುನೀರು ಸಾಕು. ಸ್ಯಾನಿಟೈಸರ್, ನೇಲ್ ಪಾಲಿಶ್ ತೆಗೆಯುವ ದ್ರವ ತಾಗಿಸಬೇಡಿ.

ನನಗೆ ನಿಜಕ್ಕೂ ಬೇಸರವಿರುವುದು ಈ ಪಿವಿಸಿಯ ಬಗ್ಗೆ. ಅದನ್ನು ಮೆತ್ತಗಿಡಲು ಬೆರೆಸಿದ ಪದಾರ್ಥ ಕಾಲಕ್ರಮೇಣ ಹೊರಬರುತ್ತದೆ, ಹಾಳೆ ಹಳದಿಯಾಗಿ ಗಡಸಾಗುತ್ತದೆ. ಅಕ್ರಿಲಿಕ್‌ನಲ್ಲಿ ಗೀರು ಚೂಪಾಗಿ ನಿಲ್ಲುತ್ತವೆ, ನೋಟವೂ ತಿಳಿ, ಆದರೆ ಗಾಜಿನ ಬಾಗಿಗೆ ಬಾಗುವುದಿಲ್ಲ. ಸಿಲಿಕೋನ್ ಬಾಗುತ್ತದೆ, ಬೇಗ ಹಳದಿಯಾಗುವುದಿಲ್ಲ, ಆದರೆ ಬೆಳಕನ್ನು ಬಾಗಿಸುವ ಶಕ್ತಿ ಕಡಿಮೆ, ಅದಕ್ಕೆ ಗೀರು ಇನ್ನೂ ಆಳ ಬೇಕು, ಧೂಳನ್ನೂ ಎಳೆದುಕೊಳ್ಳುತ್ತದೆ. ಕಣ್ಣಿನ ಕಡೆ ಚೂಪಾದ ಗಡಸು ಗೀರು, ಗಾಜಿನ ಕಡೆ ಮೆತ್ತನೆಯ ತೆಳು ಪದರ, ಹೀಗೆ ಎರಡು ಪದರದ ಹಾಳೆ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ, ಕೆಲವು ತಿಂಗಳಿಗೆ ಬೇಕಾದರೆ ಪಿವಿಸಿ ಸರಿ. ಪವರ್ ಕಡಿಮೆಯಿದ್ದು ಕಾಯಂ ಬೇಕಾದರೆ ಗಾಜಿನಲ್ಲೇ ಕೊರೆಸಿ.

ಹಳದಿಯಾದ ಹಾಳೆ ಬದಲಿಸುವ ಮುನ್ನ ಕಣ್ಣು ತೋರಿಸಿ. ಸಕ್ಕರೆಯಿಂದ ಸೋತ ನರ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಸುಧಾರಿಸುತ್ತದೆ. ಮಾವನಿಗೆ ಮೂರನೇ ತಿಂಗಳಿಗೆ 15 ಇದ್ದದ್ದು 8ಕ್ಕೆ ಇಳಿದಿತ್ತು. ಕನ್ನಡಕದ ಡಬ್ಬಿಯಲ್ಲಿ ಎತ್ತಿಟ್ಟಿದ್ದ ಅದೇ ಕಾಗದದ ಅಳತೆಯಿಟ್ಟು ಹೊಸ ಹಾಳೆ ಕತ್ತರಿಸಿದೆವು.