ಜರಡಿ ಹರಿದದ್ದನ್ನು ಯಾರು ಹೇಳಬೇಕಿತ್ತು?

ತುಮಕೂರಿನ ಕೈಗಾರಿಕಾ ಪ್ರದೇಶದ ಒಂದು ಬಾಡಿಗೆ ಶೆಡ್ಡಿನಲ್ಲಿ ಸಾಂಬಾರ್ ಪುಡಿ ಮತ್ತು ಸಾರಿನ ಪುಡಿ ತಯಾರಿಸಲು ಆರಂಭಿಸಿದಾಗ ನಾವು ಇದ್ದದ್ದು 7 ಜನ. ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಆರಿಸುವುದು, ಕೊತ್ತಂಬರಿ ಬೀಜ ಒಣಗಿದೆಯೇ ಎಂದು ಹಲ್ಲಿಗಿಟ್ಟು ನೋಡುವುದು, ಅಂಗಡಿಗಳಿಂದ ಬಾಕಿ ವಸೂಲಿ ಮಾಡುವುದು ಎಲ್ಲವೂ ನನ್ನದೇ ಕೆಲಸವಾಗಿತ್ತು. ಯಾರು ಏನು ಕೇಳಿದರೂ ಉತ್ತರ ನನ್ನ ಬಳಿ ಇರುತ್ತಿತ್ತು, ಮತ್ತು ಆ ಉತ್ತರ ಬಹುಮಟ್ಟಿಗೆ ಸರಿಯಾಗಿಯೂ ಇರುತ್ತಿತ್ತು. ಅದೇ ಅಭ್ಯಾಸವನ್ನು ಹೊತ್ತುಕೊಂಡು 130 ಜನರ ಕಾರ್ಖಾನೆಯೊಳಗೆ ನಡೆದದ್ದು ನಾನು ಮಾಡಿದ ಮೊದಲ ತಪ್ಪು.

ಜನರ ಸಂಖ್ಯೆ 10 ಮುಟ್ಟಿದಾಗ ಇಎಸ್‌ಐ ಎಂಬ ಕಾರ್ಮಿಕರ ವಿಮೆ, 20 ಮುಟ್ಟಿದಾಗ ಭವಿಷ್ಯ ನಿಧಿ ಎಂದು ಕಾನೂನಿನ ಮೆಟ್ಟಿಲುಗಳನ್ನು ಲೆಕ್ಕಿಗರ ಸಹಾಯದಿಂದ ಹತ್ತಿದೆವು. ಆದರೆ ನಾವು ಪರಸ್ಪರ ಹೇಗೆ ಮಾತನಾಡುತ್ತೇವೆ, ತಪ್ಪಾದಾಗ ಏನು ಮಾಡುತ್ತೇವೆ ಎಂಬುದಕ್ಕೆ ಯಾವ ಅರ್ಜಿ ನಮೂನೆಯೂ ಇರಲಿಲ್ಲವಾದ್ದರಿಂದ ಅದರ ಬಗ್ಗೆ ನಾನು ಯೋಚಿಸಲೇ ಇಲ್ಲ. ಆಯುಧಪೂಜೆಯ ದಿನ ಎಲ್ಲರನ್ನೂ ಸೇರಿಸಿ 'ನಾವೆಲ್ಲ ಒಂದೇ ಕುಟುಂಬ' ಎನ್ನುತ್ತಿದ್ದೆ. ಈಗ ಆ ಮಾತನ್ನು ಆಡುವುದಿಲ್ಲ. ಮನೆಯಲ್ಲಿ ಯಾರೂ ಸಂಬಳದ ಚೀಟಿ ಕೇಳುವುದಿಲ್ಲ, ಯಜಮಾನನ ಮುಖ ನೋಡಿ ಮಾತು ನುಂಗಿಕೊಳ್ಳುತ್ತಾರೆ. ಅದೇ ರೂಢಿ ಕಾರ್ಖಾನೆಗೂ ಬಂದಿತ್ತು ಎಂಬುದು ನನಗೆ ಗೊತ್ತಾದದ್ದು ಜರಡಿ ಹರಿದಾಗ.

ಅದು ದಸರಾ ಮುಂಚಿನ ಅವಸರದ ದಿನಗಳು. ಒಬ್ಬ ವಿತರಕರು ಫೋನ್ ಮಾಡಿ, ಗಿರಾಕಿಯೊಬ್ಬರ ಪೊಟ್ಟಣದಲ್ಲಿ ಕೂದಲೆಳೆಯಷ್ಟು ತೆಳುವಾದ ತಂತಿಯ ತುಂಡು ಸಿಕ್ಕಿದೆ ಎಂದರು. ಓಡಿಹೋಗಿ ನೋಡಿದರೆ ಪುಡಿ ಜಾಲಿಸುವ ಸ್ಟೇನ್‌ಲೆಸ್ ಸ್ಟೀಲ್ ಜರಡಿ ಅಂಚಿನಲ್ಲಿ ನಾಲ್ಕು ಬೆರಳು ಅಗಲ ಬಿಟ್ಟುಕೊಂಡಿತ್ತು. ಜರಡಿಯ ಕೆಳಗೆ ಆಯಸ್ಕಾಂತ ಇತ್ತು, ನಿಜ. ಆದರೆ ಕಬ್ಬಿಣದ ಚೂರನ್ನು ಹಿಡಿಯುವ ಆಯಸ್ಕಾಂತ ಇಂಥ ಸ್ಟೀಲಿನ ತಂತಿಯನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ, ಮತ್ತು ಲೋಹ ಪತ್ತೆ ಹಚ್ಚುವ ಯಂತ್ರವನ್ನು 'ಮುಂದಿನ ವರ್ಷ ನೋಡೋಣ' ಎಂದು ಮುಂದೂಡಿದವನು ನಾನೇ. ಆಗ ನಮ್ಮ ಬ್ಯಾಚ್ ಸಂಖ್ಯೆ ದಿನಕ್ಕೊಂದು ಇದ್ದುದರಿಂದ ಯಾವ ಗಂಟೆಯ ಮಾಲು ಕೆಟ್ಟಿದೆ ಎಂದು ಬೇರ್ಪಡಿಸುವ ದಾರಿಯೇ ಇರಲಿಲ್ಲ. ಮೂರು ದಿನದ ಉತ್ಪಾದನೆಯನ್ನು ಪೂರ್ತಿಯಾಗಿ ಅಂಗಡಿಗಳಿಂದ ವಾಪಸ್ ತರಿಸಿ ನಾಶಪಡಿಸಿದೆವು.

ಯಾರಿಗೂ ಇದು ಗೊತ್ತಾಗಲಿಲ್ಲವೇ ಎಂದು ಎಲ್ಲರನ್ನೂ ನಿಲ್ಲಿಸಿ ಕೇಳಿದಾಗ ಯಾರೊಬ್ಬರೂ ತುಟಿ ಬಿಚ್ಚಲಿಲ್ಲ. ಎರಡು ದಿನ ಕಳೆದ ಮೇಲೆ, ಊಟದ ಡಬ್ಬಿ ತೊಳೆಯುತ್ತಿದ್ದ ಪ್ಯಾಕಿಂಗ್ ವಿಭಾಗದ ಹಿರಿಯ ಹೆಂಗಸೊಬ್ಬರನ್ನು "ಅಕ್ಕಾ, ನೀವಾದರೂ ಹೇಳಬಾರದಿತ್ತೇ?" ಎಂದು ಕೇಳಿದೆ. ಅವರು ನಲ್ಲಿ ನಿಲ್ಲಿಸದೆಯೇ ಹೇಳಿದರು: "ಮೂರು ದಿನದಿಂದ ಪುಡಿ ಕೈಗೆ ತರಿತರಿ ಹತ್ತುತ್ತಿತ್ತು ಸಾರ್. ಹೇಳಿದ್ರೆ ಮೆಷಿನ್ ನಿಲ್ಲಿಸಬೇಕು. ನಿಲ್ಲಿಸಿದ್ರೆ ನೀವು ಬೈತೀರ, ನಮ್ಮ ಬಾಕ್ಸೂ ಕಮ್ಮಿಯಾಗುತ್ತೆ."

ಮೊದಲ ಮಾತು ನನ್ನ ಸ್ವಭಾವದ ಬಗೆಗಿನದು. ಹಿಂದಿನ ವಾರವಷ್ಟೇ ಯಂತ್ರ ನಿಂತಿದ್ದಕ್ಕೆ ನಾನು ಎಲ್ಲರೆದುರು ಕೂಗಾಡಿದ್ದೆ. ಎರಡನೆಯ ಮಾತು ನನ್ನನ್ನು ಹೆಚ್ಚು ಕಾಡಿತು, ಏಕೆಂದರೆ ಅದು ನಾನೇ ಜಂಬದಿಂದ ಜಾರಿಗೆ ತಂದ ವ್ಯವಸ್ಥೆಯ ಬಗೆಗಿನದು. ನಿಗದಿತ ಸಂಖ್ಯೆಗಿಂತ ಹೆಚ್ಚು ಬಾಕ್ಸ್ ತುಂಬಿದವರಿಗೆ ಬಾಕ್ಸಿಗಿಷ್ಟು ಎಂದು ಪ್ರೋತ್ಸಾಹಧನ ಕೊಡುತ್ತಿದ್ದೆವು. ಅಂದರೆ, ತಪ್ಪನ್ನು ಕಂಡು ಯಂತ್ರ ನಿಲ್ಲಿಸಿದವರು ತಮ್ಮ ಜೇಬಿನಿಂದಲೇ ಅದಕ್ಕೆ ದಂಡ ಕಟ್ಟಬೇಕಾಗಿತ್ತು. ಗುಣಮಟ್ಟದ ಬಗ್ಗೆ ನಾನು ಗೋಡೆಯ ಮೇಲೆ ಬರೆಸಿದ್ದ ದಪ್ಪಕ್ಷರದ ವಾಕ್ಯಕ್ಕಿಂತ ಆ ಲೆಕ್ಕವೇ ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಟೊಯೋಟಾದ ಕಾರ್ಖಾನೆಗಳಲ್ಲಿ ಸಾಮಾನ್ಯ ಕೆಲಸಗಾರನೂ ಹಗ್ಗ ಎಳೆದು ತೊಂದರೆಯನ್ನು ತಿಳಿಸಬಹುದು, ಅದು ಬಗೆಹರಿಯದಿದ್ದರೆ ಇಡೀ ಸಾಲು ನಿಲ್ಲುತ್ತದೆ ಎಂಬುದನ್ನು ಓದಿದ್ದೆ. ನಮ್ಮಲ್ಲಿ ಹಗ್ಗದ ಅಗತ್ಯವಿರಲಿಲ್ಲ, ಪ್ರತಿ ಯಂತ್ರದಲ್ಲೂ ಕೆಂಪು ಗುಂಡಿ ಇದ್ದೇ ಇತ್ತು. ಅದನ್ನು ಒತ್ತುವ ಅಧಿಕಾರ ಎಲ್ಲರಿಗೂ ಇದೆ ಎಂದು ಘೋಷಿಸಿ, ನಿಂತ ಅವಧಿಯನ್ನು ಬಾಕ್ಸ್ ತುಂಬಿದ ಅವಧಿಯೆಂದೇ ಲೆಕ್ಕ ಹಿಡಿಯಬೇಕೆಂದು ನಿಯಮ ಮಾಡಿದೆವು. ನಿಲ್ಲಿಸಿದವರನ್ನು 'ಯಾಕೆ ನಿಲ್ಲಿಸಿದಿರಿ?' ಎಂದು ಕೇಳಬಾರದು, 'ಏನು ಕಂಡಿತು?' ಎಂದು ಮಾತ್ರ ಕೇಳಬೇಕು. ಈ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದು. ಮೇಲ್ವಿಚಾರಕರಿಗೆ ಅದನ್ನು ರೂಢಿ ಮಾಡಿಸಲು ಆರು ತಿಂಗಳು ಬೇಕಾಯಿತು, ನನಗೆ ಇನ್ನೂ ಹೆಚ್ಚು. 'ಇನ್ನು ಸುಮ್ಮಸುಮ್ಮನೆ ನಿಲ್ಲಿಸುತ್ತಾರೆ ಸಾರ್' ಎಂದು ಮೇಲ್ವಿಚಾರಕರು ಎಚ್ಚರಿಸಿದ್ದರು, ಮತ್ತು ಆರಂಭದಲ್ಲಿ ಅದು ನಿಜವೂ ಆಯಿತು. ಒಮ್ಮೆ ಸರಿಯಾಗಿ ಅರೆಯದ ಮೆಂತ್ಯದ ಕಾಳನ್ನು ಕಲ್ಲೆಂದು ತಿಳಿದು ಇಪ್ಪತ್ತು ನಿಮಿಷ ನಿಲ್ಲಿಸಿದರು. ಲಾರಿ ಬಾಗಿಲಲ್ಲಿ ಕಾದಿತ್ತು. ನಾನು ಒಂದು ಮಾತೂ ಆಡದೆ ಹೊರಗೆ ಹೋಗಿ ಟೀ ಕುಡಿದು ಬಂದೆ. ಅಂದು ಬೈದಿದ್ದರೆ ನಿಯಮ ಅಲ್ಲಿಗೇ ಮುಗಿಯುತ್ತಿತ್ತು.

ಇದರ ಜೊತೆಗೇ ಪ್ರತಿ ಪಾಳಿಯ ಮೊದಲು ಮತ್ತು ಕೊನೆಗೆ ಜರಡಿಯನ್ನು ಬೆಳಕಿಗೆ ಹಿಡಿದು ನೋಡಿ ಸಹಿ ಹಾಕುವ ಪುಸ್ತಕ, ಪಾಳಿಗೊಂದು ಬ್ಯಾಚ್ ಸಂಖ್ಯೆ, ಲೋಹ ಪತ್ತೆ ಯಂತ್ರ ಇವೆಲ್ಲ ಬಂದವು. ಹಣವಿದ್ದರೆ ಅವನ್ನು ಯಾರು ಬೇಕಾದರೂ ತರಬಹುದು.

ಹುರಿಯುವ ವಿಭಾಗದಲ್ಲಿ ಆದ ಎಡವಟ್ಟು ಬೇರೆ ಬಗೆಯದು. ಮೆಂತ್ಯ ಒಂದು ಗಳಿಗೆ ಹೆಚ್ಚು ಹುರಿದರೆ ಇಡೀ ಪುಡಿ ಕಹಿಯಾಗುತ್ತದೆ, ಆ ಗಳಿಗೆಯನ್ನು ವಾಸನೆಯಿಂದಲೇ ಹಿಡಿಯಬಲ್ಲವರು ನಮ್ಮಲ್ಲಿ ಒಬ್ಬರಿದ್ದರು. ಮೊದಲ ದಿನದಿಂದ ಜೊತೆಗಿದ್ದವರು. ಅವರಿಗೆ ಬಡ್ತಿ ಕೊಡಬೇಕೆಂದರೆ ನನಗೆ ಗೊತ್ತಿದ್ದ ದಾರಿ ಒಂದೇ, ಮೇಲ್ವಿಚಾರಕರನ್ನಾಗಿ ಮಾಡುವುದು. ಅವರ ಕೈಕೆಳಗೆ ಬಂದ ಹುಡುಗರು ಸ್ವಲ್ಪ ತಡವರಿಸಿದರೂ ಕೈಯಿಂದ ಸಟ್ಟುಗ ಕಿತ್ತುಕೊಂಡು ತಾವೇ ಹುರಿಯುತ್ತಿದ್ದರು, ಹಾಜರಿ ಪುಸ್ತಕ ತುಂಬುವುದೆಂದರೆ ಅವರಿಗೆ ಶಿಕ್ಷೆ, ರಜೆ ಕೇಳಿದವರ ಮೇಲೆ ಸಿಡುಕು. ಒಂದೇ ವರ್ಷದಲ್ಲಿ ಐದು ಹುಡುಗರು ಬಿಟ್ಟುಹೋದರು. ಕೊನೆಗೆ ಅವರೇ ಬಂದು, "ನನ್ನನ್ನು ಬಾಣಲೆ ಹತ್ತಿರಕ್ಕೇ ಬಿಟ್ಟುಬಿಡಿ" ಎಂದರು. ಹಾಗೆ ಬಿಟ್ಟರೆ ಸಂಬಳ ಇಳಿಯಬೇಕೆಂದು ಲೆಕ್ಕಪತ್ರ ವಿಭಾಗದವರ ವಾದ. ನಾನು ಒಪ್ಪಲಿಲ್ಲ. ಕಸುಬಿನಲ್ಲೇ ಮೇಲೇರುವವರಿಗೂ ಮೇಲ್ವಿಚಾರಕರಷ್ಟೇ ಸಂಬಳ ಎಂದು ಇನ್ನೊಂದು ದಾರಿ ಮಾಡಿದೆವು. ಈಗ ಅವರ ಕೆಲಸ ಹೊಸಬರಿಗೆ ಹುರಿಯುವುದನ್ನು ಕಲಿಸುವುದು ಮಾತ್ರ, ಹಾಜರಿ ಮತ್ತು ರಜೆ ಇನ್ನೊಬ್ಬರ ಕೈಯಲ್ಲಿದೆ. ಸಟ್ಟುಗ ಕಿತ್ತುಕೊಳ್ಳುವ ಚಾಳಿ ಮಾತ್ರ ಪೂರ್ತಿ ಹೋಗಿಲ್ಲ.

ಮಾರಾಟ ವಿಭಾಗದ ಗುರಿಗಳೂ ಬಾಕ್ಸಿನ ಲೆಕ್ಕದ ಅಣ್ಣತಮ್ಮಂದಿರೇ. ಕಾರ್ಖಾನೆಯಿಂದ ವಿತರಕರಿಗೆ ಹೋದ ಮಾಲಿನ ಮೇಲೆ ಕಮಿಷನ್ ಇದ್ದುದರಿಂದ ತಿಂಗಳ ಕೊನೆಯ ಮೂರು ದಿನಗಳಲ್ಲಿ ವಿತರಕರ ಗೋಡೌನ್ ತುಂಬಿಸುವ ಪೈಪೋಟಿ ನಡೆಯುತ್ತಿತ್ತು. ನಮ್ಮ ಪುಸ್ತಕದಲ್ಲಿ ಮಾರಾಟವಾದ ಪುಡಿ ಅಲ್ಲಿ ತಿಂಗಳುಗಟ್ಟಲೆ ಕೂತು ಘಮ ಕಳೆದುಕೊಳ್ಳುತ್ತಿತ್ತು. ವಿತರಕರಿಂದ ಅಂಗಡಿಗೆ ಹೋದ ಮಾಲಿಗೆ ಮಾತ್ರ ಕಮಿಷನ್ ಎಂದು ಬದಲಿಸಿದ ಮೇಲೆ ಎರಡು ತಿಂಗಳು ನಮ್ಮ ರವಾನೆ ಬಿದ್ದುಹೋಯಿತು, ಚುರುಕಾದ ಇಬ್ಬರು ಹುಡುಗರು ಬೇರೆ ಕಂಪನಿ ಸೇರಿದರು, ಬ್ಯಾಂಕಿನವರು ಕರೆದು ವಿಚಾರಿಸಿದರು. ಆ ದಿನಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬಂದದ್ದು ಕಡಿಮೆ.

ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಇರಬೇಕಾದ, ಮಹಿಳೆಯರ ದೂರು ಆಲಿಸುವ ಆಂತರಿಕ ಸಮಿತಿ ನಮ್ಮಲ್ಲಿ ಬಹುಕಾಲ ಕಾಗದದ ಮೇಲಷ್ಟೇ ಇತ್ತು. ಸದಸ್ಯರ ಹೆಸರಿನ ಫಲಕವನ್ನು ನನ್ನ ಕೋಣೆಯ ಬಾಗಿಲ ಪಕ್ಕದಲ್ಲೇ ತೂಗುಹಾಕಿದ್ದೆ, ಅದನ್ನು ಓದಲು ನಿಂತವರು ನನಗೆ ಕಾಣುತ್ತಿದ್ದರು ಎಂಬುದು ನನಗೆ ಹೊಳೆದಿರಲಿಲ್ಲ. ಸಮಿತಿಯ ಹೊರಗಿನ ಸದಸ್ಯೆಯಾಗಿ ಬಂದ ವಕೀಲರು ಮೊದಲ ದಿನವೇ ಅದನ್ನು ತೆಗೆಸಿ ಹೆಂಗಸರು ಬಟ್ಟೆ ಬದಲಿಸುವ ಕೋಣೆಯಲ್ಲಿ ಹಾಕಿಸಿದರು. ಮೊದಲ ದೂರು ಅದೇ ತಿಂಗಳು ಬಂತು.

ಕಳೆದ ತಿಂಗಳು ಒಂದು ಬೆಳಗ್ಗೆ ಹಿಂದಿನ ದಿನದ ಪುಸ್ತಕ ತಿರುವುತ್ತಿದ್ದಾಗ ಎರಡನೆಯ ಯಂತ್ರ 11 ನಿಮಿಷ ನಿಂತಿತ್ತೆಂದು ಬರೆದದ್ದು ಕಂಡಿತು. ನಿಲ್ಲಿಸಿದವಳು ಕೆಲಸಕ್ಕೆ ಸೇರಿ ಎಂಟು ದಿನವಾಗಿದ್ದ ಹುಡುಗಿ. 'ಏನು ಕಂಡಿತು' ಎಂಬ ಅಂಕಣದಲ್ಲಿ 'ಗೋಣಿಚೀಲದ ನಾರು' ಎಂದಿತ್ತು, ಅದರ ಕೆಳಗೆ ಮೇಲ್ವಿಚಾರಕರ ಸಹಿ. ನನಗೆ ಯಾರೂ ಫೋನ್ ಮಾಡಿರಲಿಲ್ಲ.