ಕಾಲು ಕಳೆದುಕೊಂಡ ಯೋಧ ಕಬಡ್ಡಿ ಕಲಿಸುವ ಧಾರಾವಾಹಿಯನ್ನು ಬರೆಯುವ ಬಗೆ

ಗಡಿಯಲ್ಲಿ ಕಾಲು ಕಳೆದುಕೊಂಡು ಊರಿಗೆ ಮರಳಿದ ಸೈನಿಕನೊಬ್ಬ, ಪುಂಡರೆಂದು ಹೆಸರಾದ ಹುಡುಗರನ್ನು ಕೂಡಿಸಿಕೊಂಡು ಕಬಡ್ಡಿ ಕಲಿಸುವ ಕಥೆಯನ್ನು ಕಿರುತೆರೆಗೆ ಬರೆಯಲು ಹೊರಟವರು ಸಂಭಾಷಣೆಗೆ ಮುನ್ನ ಆತನ ದಿನಚರಿಯನ್ನು ಬರೆದುಕೊಳ್ಳಬೇಕು. ಕೃತಕ ಕಾಲು ತೊಡುವ ಮೊದಲು ಆತ ಮೊಂಡಾದ ಕಾಲಿಗೆ ಕಾಲುಚೀಲ ಏರಿಸುತ್ತಾನೆ. ಹೊತ್ತು ಕಳೆದಂತೆ ಆ ಭಾಗ ತುಸು ಕುಗ್ಗಿ ಹಿಡಿತ ಸಡಿಲವಾಗುವುದರಿಂದ, ಮಧ್ಯಾಹ್ನದ ವೇಳೆಗೆ ಇನ್ನೊಂದು ಚೀಲ ಸೇರಿಸಬೇಕಾಗಬಹುದು. ತೇವ ಉಳಿದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಸಕಲೇಶಪುರದ ಕಡೆ ಜುಲೈ ಮಳೆಯಲ್ಲಿ ಒಗೆದ ಬಟ್ಟೆ ಒಣಗುವುದೇ ಕಷ್ಟ. ಆ ಚೀಲಗಳನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ, ಮಲಗುವ ಮುಂಚೆ ಆತ ಒಂದೊಂದನ್ನೇ ಮುಟ್ಟಿ ನೋಡುವ ದೃಶ್ಯವಿದ್ದರೆ, ಗುಂಡಿನ ಸದ್ದಿನ ಹಿನ್ನೋಟವನ್ನು ಧೈರ್ಯವಾಗಿ ಕೈಬಿಡಬಹುದು.

ಕಲಿಸುವ ಕೆಲಸವನ್ನು ಭಾಷಣವಾಗಿಸದೆ ಅಂಗಳದಲ್ಲೇ ತೋರಿಸಬೇಕು. ರೈಡಿಗೆ, ಅಂದರೆ ಎದುರಾಳಿಗಳ ಅಂಕಣಕ್ಕೆ ಒಬ್ಬನೇ ನುಗ್ಗಿ ಮರಳಲು, 30 ಸೆಕೆಂಡು; ಎದುರಿಗೆ ಹೆಚ್ಚೆಂದರೆ 7 ಮಂದಿ. ಮೂಲೆಯಲ್ಲಿ ನಿಂತವನೂ ಪಕ್ಕದವನೂ ಕೈ ಹಿಡಿದುಕೊಂಡೇ ಸರಿಯಬೇಕು; ಒಬ್ಬ ಕೈ ಬಿಟ್ಟರೆ ರೈಡರ್ ಅದೇ ಸಂದಿಯಲ್ಲಿ ನುಸುಳುತ್ತಾನೆ. ಪರಸ್ಪರ ಮುಖ ನೋಡದ ಇಬ್ಬರನ್ನು ಅಲ್ಲಿ ನಿಲ್ಲಿಸಿ. ತರಬೇತುದಾರ ತಾನೇ ಹಿಡಿದು ತೋರಿಸಲಾರ. ಊರುಗೋಲಿನ ತುದಿಯಿಂದ ಕೆಸರಿನಲ್ಲಿ ಹೆಜ್ಜೆಯ ಗುರುತು ಎಳೆದು, ‘ಎಡಗಾಲು ಇಲ್ಲಿಡ್ಲಾ’ ಎನ್ನುತ್ತಾನೆ. ಹುಡುಗರು ಆತನನ್ನು ‘ಮಿಲ್ಟ್ರಿ ಸಾರ್’ ಎಂದೇ ಕರೆಯಲಿ. ನಮ್ಮ ಹಳ್ಳಿಗಳಲ್ಲಿ ಬಳಕೆಯಲ್ಲಿರುವ ಮಾತು ಅದು.

ಮರುಕ ಹುಟ್ಟಿಸುವ ಹಿನ್ನೆಲೆ ಸಂಗೀತ ಖಂಡಿತ ಬೇಡ. 1965ರ ಯುದ್ಧದಲ್ಲಿ ಗಾಯಗೊಂಡ ಮುರಳಿಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ನಮ್ಮ ಹಾಸನ ಜಿಲ್ಲೆಯವರೇ ಆದ ಎಚ್.ಎನ್. ಗಿರೀಶ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಇದನ್ನು ಬಾಯಿಮಾತಿನಲ್ಲಿ ಹೇಳಿಸುವ ಬದಲು, ಶಾಲೆಯ ಗೋಡೆಯ ಮೇಲೆ ಆ ಎತ್ತರಕ್ಕೆ ಇದ್ದಿಲಿನಿಂದ ಗೆರೆ ಎಳೆಸಿ, ಎಲ್ಲರಿಗಿಂತ ಜೋರಾಗಿ ಮಾತನಾಡುವ ಹುಡುಗನನ್ನು ಅದರ ಕೆಳಗೆ ನಿಲ್ಲಿಸಿ. ಗೆರೆ ಅವನ ತಲೆಗಿಂತ ಮೇಲಿರುತ್ತದೆ.

ಹುಡುಗರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಪ್ರಕರಣದಲ್ಲಿ ಸಿಲುಕಿದ 18 ವರ್ಷದೊಳಗಿನವರ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆ ನಿಷೇಧಿಸುತ್ತದೆ. ಆದ್ದರಿಂದ ನಿಜವಾದ ಮಕ್ಕಳೊಡನೆ ಮಾತನಾಡಿ ಬರೆಯುವವರು ಹೆಸರನ್ನಷ್ಟೇ ಬದಲಿಸಿದರೆ ಸಾಲದು. ಊರು, ಶಾಲೆ, ಮನೆಯ ಸಂಗತಿಗಳನ್ನೂ ಗುರುತು ಸಿಗದಂತೆ ಬದಲಿಸಬೇಕು. ಕಳ್ಳತನದ ದೃಶ್ಯವನ್ನು ಚಿಕ್ಕದಾಗಿಸಿ, ಅಭ್ಯಾಸಕ್ಕೆ ಬಾರದ ದಿನ ಹುಡುಗ ಎಲ್ಲಿದ್ದನೆಂಬುದನ್ನು ವಿವರವಾಗಿ ಬರೆಯಿರಿ. ಕಾಫಿ ತೋಟದಲ್ಲಿ ತಾಯಿಯ ಬದಲಿಗೆ ಕೂಲಿಗೆ ಹೋಗಿದ್ದಿರಬಹುದು.

ಚಿತ್ರೀಕರಣಕ್ಕೆ ಮುನ್ನ, ಕೃತಕ ಕಾಲು ಬಳಸುವ ಮಾಜಿ ಸೈನಿಕರೊಬ್ಬರಿಗೆ ಬರಹವನ್ನು ಓದಿಸಿ, ಅವರು ‘ಹೀಗೆ ಏಳಲು ಆಗುವುದಿಲ್ಲ’ ಎಂದ ಕಡೆಯೆಲ್ಲ ದೃಶ್ಯವನ್ನು ಹೊಸದಾಗಿ ಬರೆಯಬೇಕು.