ಸಿಟ್ಟು ಬರೋಕೆ ಮುಂಚೆನೇ ರೆಡಿ ಆಗೋದು ಹೇಗೆ: ಎಪಿಕ್ಟೆಟಸ್ ಪಾಠ

ಗ್ರೀಕ್ ಫಿಲಾಸಫಿ ಅಂತ ನೇರ ಪ್ಲೇಟೋಗೆ ಕೈ ಹಾಕಿ ಅರ್ಧಕ್ಕೇ ಬಿಟ್ಟೋರು ಬೇಕಾದಷ್ಟು ಜನ ಇದಾರೆ. ದಿನದ ಬದುಕಿಗೆ ಬೇಕು ಅಂದ್ರೆ ಎಪಿಕ್ಟೆಟಸ್ ಅನ್ನೋ ಫಿಲಾಸಫರ್‌ನಿಂದ ಶುರು ಮಾಡಿ. ರೋಮ್‌ನಲ್ಲಿ ಗುಲಾಮನಾಗಿದ್ದವನು, ಕಾಲು ಬೇರೆ ಕುಂಟು, ಬಿಡುಗಡೆ ಆಗಿ ಪಾಠ ಹೇಳ್ಕೊಂಡಿದ್ದಾಗ ಡೊಮಿಷಿಯನ್ ಚಕ್ರವರ್ತಿ ಫಿಲಾಸಫರ್‌ಗಳನ್ನೆಲ್ಲ ಓಡಿಸಿದ, ಆಮೇಲೆ ಗ್ರೀಸ್‌ನ ನಿಕೊಪೊಲಿಸ್‌ಗೆ ಹೋಗಿ ಅಲ್ಲೇ ಶಾಲೆ ನಡೆಸಿದ. ಶಿಷ್ಯ ಆರಿಯನ್ ಬರ್ಕೊಂಡಿದ್ದೇ ಇವತ್ತು ನಮಗೆ ಸಿಕ್ಕಿರೋದು. ಅದರಲ್ಲಿ 'ಎಂಕಿರಿಡಿಯನ್' (ಅಂದ್ರೆ ಕೈಪಿಡಿ) ಅನ್ನೋದು ಚಿಕ್ಕದು, 53 ತುಣುಕು ಅಷ್ಟೇ, ಮೊದಲು ಅದನ್ನೇ ಓದಿ.

ಮೊದಲನೇ ತುಣುಕು ಎಲ್ರಿಗೂ ಗೊತ್ತು: ನಮ್ಮ ಅಭಿಪ್ರಾಯ, ಆಸೆ, ಬೇಡ ಅನ್ನೋದು ನಮ್ಮ ಕೈಲಿದೆ, ದೇಹ, ಆಸ್ತಿ, ಹೆಸರು, ಪದವಿ ಇಲ್ಲ. ಆದ್ರೆ ಇದನ್ನ ಸ್ಟೇಟಸ್ ಹಾಕ್ಕೊಂಡ್ರೆ ಏನೂ ಆಗಲ್ಲ. ಕೆಲಸಕ್ಕೆ ಬರೋದು ನಾಲ್ಕನೇದು.

ಅಲ್ಲಿ ಹೇಳ್ತಾನೆ, ಸ್ನಾನದ ಮನೆಗೆ ಹೋಗೋಕೆ ಮುಂಚೆ (ಆಗ ಜನ ಸಾರ್ವಜನಿಕ ಸ್ನಾನದ ಮನೇಲಿ ಒಟ್ಟಿಗೆ ಸ್ನಾನ ಮಾಡ್ತಿದ್ರು) ಅಲ್ಲಿ ಏನೇನಾಗುತ್ತೆ ಅಂತ ನೆನಪು ಮಾಡ್ಕೋ, ನೀರು ಎರಚ್ತಾರೆ, ತಳ್ತಾರೆ, ಬೈತಾರೆ, ಬಟ್ಟೆ ಕದೀತಾರೆ. ಆಮೇಲೆ ಮನಸಲ್ಲೇ ಹೇಳ್ಕೋ: ನಂಗೆ ಸ್ನಾನನೂ ಆಗ್ಬೇಕು, ನನ್ನ ಮನಸ್ಸೂ ನೆಟ್ಟಗಿರಬೇಕು. ಎರಡನೇದು ಮರೆತ್ರೆ ಮೊದಲನೇದಾದ್ರೂ ಪ್ರಯೋಜನ ಇಲ್ಲ. ನೀವು ಇದನ್ನೇ ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ಮಾಡಿ, ರಾಂಗ್ ಸೈಡಲ್ಲಿ ಬರೋರು ಇರ್ತಾರೆ, ಹಾರ್ನ್ ಹೊಡೀತಾನೇ ಇರ್ತಾರೆ, ನಂಗೆ ಆಫೀಸೂ ಸೇರ್ಬೇಕು ತಲೆನೂ ತಣ್ಣಗಿರ್ಬೇಕು ಅಂತ. ಸಿಟ್ಟು ಬಂದ್ಮೇಲೆ ಸಮಾಧಾನ ಹುಡುಕೋದಕ್ಕಿಂತ ಇದು ಎಷ್ಟೋ ಸುಲಭ.

ಸಣ್ಣದರಿಂದ ಶುರು ಮಾಡೋದು ಮುಖ್ಯ. ಮಡಕೆ ಇಷ್ಟ ಆದ್ರೆ 'ನಂಗೆ ಇಷ್ಟ ಇರೋದು ಒಂದು ಮಡಕೆ ಅಷ್ಟೇ' ಅಂದ್ಕೋ, ಒಡೆದಾಗ ಮನಸ್ಸು ಕಲಕಲ್ಲ ಅಂತಾನೆ. ಅವನ ಮನೆಯ ಕಬ್ಬಿಣದ ದೀಪ ಕಳುವಾದಾಗಲೂ, ನಾಳೆ ಮಣ್ಣಿನ ದೀಪ ತಂದ್ರಾಯ್ತು ಅಂದ. ಹಾಗಂತ ಅನ್ಯಾಯ ಸಹಿಸ್ಕೊಂಡು ಸುಮ್ನಿರಿ ಅಂತಲ್ಲ, ಕೇಳೋದನ್ನ ಕೇಳಿ, ಕಂಪ್ಲೇಂಟ್ ಕೊಡೋದಿದ್ರೆ ಕೊಡಿ, ಉರ್ಕೊಂಡು ಮಾಡೋದು ಬೇಡ.

ಕೊನೆಗೆ ಲೆಕ್ಕ ಇಡಿ. ಇದೂ ಅವನದೇ ಐಡಿಯಾ: ಮೊದಲು ದಿನಾ ಸಿಟ್ಟು ಮಾಡ್ತಿದ್ದೆ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಮೂರು ದಿನಕ್ಕೊಮ್ಮೆ ಅಂತ ಎಣಿಸ್ತಾ ಹೋಗು, 30 ದಿನ ಸಿಟ್ಟಿಲ್ದೆ ಕಳೆದ್ರೆ ದೇವರಿಗೆ ಬಲಿ ಅರ್ಪಿಸು ಅಂತಾನೆ. ನೀವು ಮನೆ ಕ್ಯಾಲೆಂಡರ್‌ನಲ್ಲಿ ಸಿಟ್ಟು ಬಂದ ದಿನಕ್ಕೆ ಒಂದು ಚುಕ್ಕೆ ಇಟ್ರೆ ಸಾಕು, ಚುಕ್ಕೆ ಮಧ್ಯದ ಗ್ಯಾಪ್ ಜಾಸ್ತಿ ಆಗ್ತಿದ್ಯಾ ನೋಡ್ತಾ ಹೋಗಿ.